ಗ್ಲಾಸ್ಗೋದ ಫೈನಲ್: ಆಟಕ್ಕೆ ಅಂಟಿಕೊಂಡ ದ್ವೇಷ

(ಯುವಕರ ಸಂಜೆಯ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕ್ರೀಡೆ ಮತ್ತು ಸಮಾಜ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಸಂಘಟಕರು ನನಗೆ ಸೂಚಿಸಿದ್ದಾರೆ. ವಿಷಯ ಬಹಳ ವಿಶಾಲವಾದುದು. ಎಲ್ಲವನ್ನೂ ಹೇಳಹೊರಟರೆ ಯಾವುದನ್ನೂ ಸರಿಯಾಗಿ ಹೇಳಿದಂತಾಗುವುದಿಲ್ಲ. ಆದ್ದರಿಂದ ನಾನು ಒಂದೇ ನಗರವನ್ನು, ಆ ನಗರದ ಎರಡು ಫುಟ್ಬಾಲ್ ತಂಡಗಳನ್ನು ಮತ್ತು ಅವುಗಳ ನಡುವೆ ನಡೆದ ಕೆಲವು ಫೈನಲ್ ಪಂದ್ಯಗಳನ್ನು ಮಾತ್ರ ಆರಿಸಿಕೊಂಡಿದ್ದೇನೆ. ನಗರ ಸ್ಕಾಟ್ಲೆಂಡಿನ ಗ್ಲಾಸ್ಗೋ. ತಂಡಗಳು ಸೆಲ್ಟಿಕ್ ಮತ್ತು ರೇಂಜರ್ಸ್. ಇಲ್ಲಿರುವ ಹಲವು ಯುವಕರಿಗೆ ಈ ಹೆಸರುಗಳು ನನಗಿಂತ ಚೆನ್ನಾಗಿ ಗೊತ್ತಿರಬಹುದು. ಆದರೆ ಆ ಹೆಸರುಗಳ ಹಿಂದಿರುವ ಚರಿತ್ರೆ ಎಷ್ಟು ಮಂದಿಗೆ ಗೊತ್ತು?

2024ರ ಮೇ 25ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್ ಮೈದಾನದಲ್ಲಿ ಸ್ಕಾಟಿಷ್ ಕಪ್‌ನ ಫೈನಲ್ ನಡೆಯಿತು. 2002ರ ನಂತರ, ಅಂದರೆ ಇಪ್ಪತ್ತೆರಡು ವರ್ಷಗಳ ಬಳಿಕ, ಈ ಎರಡು ತಂಡಗಳು ಈ ಕಪ್‌ನ ಫೈನಲ್‌ನಲ್ಲಿ ಎದುರುಬದುರಾಗಿದ್ದವು. ದ್ವಿತೀಯಾರ್ಧದಲ್ಲಿ ರೇಂಜರ್ಸ್‌ನ ಅಬ್ದುಲ್ಲಾ ಸಿಮಾ ಚೆಂಡನ್ನು ಬಲೆಗೆ ಸೇರಿಸಿದರು. ಆದರೆ ಅದಕ್ಕೆ ಮುಂಚೆ ಅವರ ಸಹ ಆಟಗಾರ ಸೆಲ್ಟಿಕ್‌ನ ಗೋಲ್‌ಕೀಪರ್ ಜೋ ಹಾರ್ಟ್‌ರನ್ನು ತಳ್ಳಿದ್ದುದು ವೀಡಿಯೊ ಪರಿಶೀಲನೆಯಲ್ಲಿ ಕಂಡುಬಂದು ಗೋಲು ರದ್ದಾಯಿತು. ಪಂದ್ಯ ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗಲಿದೆ ಎನ್ನುವಾಗ, 90ನೆಯ ನಿಮಿಷದಲ್ಲಿ, ರೇಂಜರ್ಸ್‌ನ ಗೋಲ್‌ಕೀಪರ್‌ನ ಕೈಯಿಂದ ಚಿಮ್ಮಿದ ಚೆಂಡನ್ನು ಸೆಲ್ಟಿಕ್‌ನ ಆಡಮ್ ಇಡಾ ಗೋಲಿನೊಳಗೆ ನೂಕಿದರು. ಸೆಲ್ಟಿಕ್ 1-0 ಅಂತರದಿಂದ ಗೆದ್ದಿತು. ಅದು ಆ ತಂಡದ 42ನೆಯ ಸ್ಕಾಟಿಷ್ ಕಪ್. ಜೋ ಹಾರ್ಟ್ ಅವರ ಕೊನೆಯ ಪಂದ್ಯವೂ ಅದೇ.

ಗೋಲು ಹೊಡೆದ ಇಡಾ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಹುಟ್ಟಿದವರು, ಅವರ ತಂದೆ ನೈಜೀರಿಯಾದವರು. ಗೋಲು ಕಳೆದುಕೊಂಡ ಸಿಮಾ ಸೆನೆಗಲ್‌ನವರು. ಜೋ ಹಾರ್ಟ್ ಇಂಗ್ಲೆಂಡಿನವರು. ಇವರಲ್ಲಿ ಯಾರಿಗೂ ಗ್ಲಾಸ್ಗೋದ ಹಳೆಯ ಜಗಳದಲ್ಲಿ ಪಾಲಿಲ್ಲ. ಹಾಗಿದ್ದರೂ ಇವರು ತೊಟ್ಟ ಹಸಿರು ಅಥವಾ ನೀಲಿ ಅಂಗಿಯನ್ನು ನೋಡಿ ಪರಸ್ಪರ ಶಪಿಸುವ ಜನರು ಆ ನಗರದಲ್ಲಿದ್ದಾರೆ. ಸೆಲ್ಟಿಕ್ ಎಂದರೆ ಐರಿಷ್ ಮೂಲದ ಕ್ಯಾಥೊಲಿಕರ ತಂಡ, ರೇಂಜರ್ಸ್ ಎಂದರೆ ಬ್ರಿಟಿಷ್ ರಾಜನಿಷ್ಠ ಪ್ರೊಟೆಸ್ಟಂಟರ ತಂಡ ಎಂಬುದು ಅಲ್ಲಿನ ನಂಬಿಕೆ. ಒಂದೇ ಧರ್ಮದ ಎರಡು ಪಂಗಡಗಳು ಒಂದು ಚೆಂಡಿನ ಸುತ್ತ ಇಷ್ಟೊಂದು ದ್ವೇಷವನ್ನು ಹೇಗೆ ಕಟ್ಟಿಕೊಂಡವು? ಇದು ಇಂದಿನ ನನ್ನ ಪ್ರಶ್ನೆ.

ಆರಂಭದಲ್ಲಿ ಹೀಗಿರಲಿಲ್ಲ

ರೇಂಜರ್ಸ್ ತಂಡವನ್ನು 1872ರಲ್ಲಿ ನಾಲ್ವರು ಹುಡುಗರು ಕೇವಲ ಆಟದ ಹುಚ್ಚಿನಿಂದ ಕಟ್ಟಿದರು. ಅದರಲ್ಲಿ ಧರ್ಮದ ಮಾತೇ ಇರಲಿಲ್ಲ. ಸೆಲ್ಟಿಕ್ 1887ರಲ್ಲಿ ಹುಟ್ಟಿತು. ಅದರ ಸ್ಥಾಪಕ ಬ್ರದರ್ ವಾಲ್ಫ್ರಿಡ್ ಐರ್ಲೆಂಡಿನಿಂದ ಬಂದ ಕ್ಯಾಥೊಲಿಕ್ ಶಿಕ್ಷಕ. ಆಲೂಗಡ್ಡೆ ಬೆಳೆ ನಾಶವಾಗಿ ಐರ್ಲೆಂಡಿನಲ್ಲಿ ಭೀಕರ ಕ್ಷಾಮ ತಲೆದೋರಿದಾಗ ಅವರು ಇನ್ನೂ ಮಗು. ಹಸಿವೆಂದರೆ ಏನೆಂದು ಬಲ್ಲವರು. ಗ್ಲಾಸ್ಗೋದ ಪೂರ್ವಭಾಗದ ಕೊಳೆಗೇರಿಗಳಲ್ಲಿ ವಲಸಿಗ ಐರಿಷ್ ಮಕ್ಕಳು ಬರಿ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದರು. ಅವರಿಗೆ ಒಂದು ಹೊತ್ತಿನ ಊಟ ನೀಡಲು ಹಣ ಬೇಕಿತ್ತು. ಪಂದ್ಯಗಳ ಟಿಕೆಟಿನಿಂದ ಆ ಹಣವನ್ನು ಸಂಗ್ರಹಿಸಬೇಕೆಂಬುದು ಅವರ ಯೋಜನೆ.

1888ರ ಮೇ 28ರಂದು ಸೆಲ್ಟಿಕ್ ತನ್ನ ಮೊತ್ತಮೊದಲ ಪಂದ್ಯವನ್ನು ಆಡಿತು. ಎದುರಾಳಿ ಯಾರು? ರೇಂಜರ್ಸ್. ಸೆಲ್ಟಿಕ್ 5-2ರಿಂದ ಗೆದ್ದಿತು. ಪಂದ್ಯದ ನಂತರ ಎರಡೂ ಕಡೆಯ ಆಟಗಾರರು ಚರ್ಚಿನ ಸಭಾಂಗಣದಲ್ಲಿ ಒಟ್ಟಿಗೆ ಕುಳಿತು ರಾತ್ರಿಯ ಊಟ ಮಾಡಿದರು. ಮುಂದೆ ನಡೆದ ಎಲ್ಲವನ್ನೂ ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಊಟ.

ಹಾಗಾದರೆ ಕೆಟ್ಟದ್ದು ಎಲ್ಲಿ? ಮೊದಲನೆಯದಾಗಿ ಹಣ ಬಂತು. ಹತ್ತೇ ವರ್ಷಗಳಲ್ಲಿ, 1897ರಲ್ಲಿ, ಬಡ ಮಕ್ಕಳ ಊಟಕ್ಕಾಗಿ ಹುಟ್ಟಿದ ಸೆಲ್ಟಿಕ್ ಷೇರುದಾರರ ಕಂಪೆನಿಯಾಗಿ ಮಾರ್ಪಟ್ಟಿತು. ಅಷ್ಟರಲ್ಲಾಗಲೇ ಬ್ರದರ್ ವಾಲ್ಫ್ರಿಡ್ ಲಂಡನ್ನಿಗೆ ವರ್ಗವಾಗಿದ್ದರು. ಈ ಎರಡು ತಂಡಗಳ ಪಂದ್ಯಕ್ಕೆ ಸೇರುವಷ್ಟು ಜನರು ಬೇರೆ ಯಾವ ಪಂದ್ಯಕ್ಕೂ ಸೇರುತ್ತಿರಲಿಲ್ಲ. ಇವರ ಹಗೆ ಎರಡು ಆಡಳಿತ ಮಂಡಳಿಗಳಿಗೂ ಆದಾಯದ ಮೂಲವಾಯಿತು. 1904ರಲ್ಲಿ ಇವರಿಬ್ಬರ ನಡುವಿನ ಕಪ್ ಫೈನಲ್‌ನ ಸಂದರ್ಭದಲ್ಲಿ ಗ್ಲಾಸ್ಗೋದ ಕ್ರೀಡಾ ಪತ್ರಿಕೆಯೊಂದು ವ್ಯಂಗ್ಯಚಿತ್ರವೊಂದನ್ನು ಪ್ರಕಟಿಸಿತು. ಅದರಲ್ಲಿ ಮುದುಕನೊಬ್ಬ ಜಾಹೀರಾತಿನ ಹಲಗೆ ಹೊತ್ತು ನಿಂತಿದ್ದಾನೆ. ರೇಂಜರ್ಸ್-ಸೆಲ್ಟಿಕ್ ಎಂಬ ಹಳೆಯ ವ್ಯಾಪಾರ ಸಂಸ್ಥೆಯನ್ನು ಪ್ರೋತ್ಸಾಹಿಸಿರಿ ಎಂಬುದು ಆ ಹಲಗೆಯ ಸಾರಾಂಶ. ಇವರ ಪಂದ್ಯವನ್ನು ಇಂದಿಗೂ 'ಓಲ್ಡ್ ಫರ್ಮ್' ಎಂದು ಕರೆಯುವುದರ ಮೂಲವನ್ನು ಹಲವರು ಈ ಚಿತ್ರದಲ್ಲಿ ಗುರುತಿಸುತ್ತಾರೆ.

1909ರ ಫೈನಲ್ ಇನ್ನೂ ಬೋಧಪ್ರದವಾಗಿದೆ. ಮೊದಲ ಪಂದ್ಯ 2-2ರಲ್ಲಿ ಸಮವಾಯಿತು. ಒಂದು ವಾರದ ನಂತರ ನಡೆದ ಮರುಪಂದ್ಯ 1-1ರಲ್ಲಿ ಸಮವಾಯಿತು. ಹೆಚ್ಚುವರಿ ಸಮಯದ ಆಟ ಇರುತ್ತದೆ ಎಂದು ಜನ ಕಾದರು. ಆಟಗಾರರು ಮೈದಾನ ಬಿಟ್ಟು ಹೋದಾಗ, ಇನ್ನೊಂದು ಟಿಕೆಟಿನ ಹಣಕ್ಕಾಗಿಯೇ ಈ ನಾಟಕ ನಡೆಯುತ್ತಿದೆ ಎಂಬ ಸಂಶಯ ಭುಗಿಲೆದ್ದಿತು. ಜನರು ಮೈದಾನಕ್ಕೆ ನುಗ್ಗಿದರು, ಗೋಲುಕಂಬಗಳನ್ನು ಕಿತ್ತರು, ಟಿಕೆಟ್ ಗೂಡುಗಳಿಗೆ ಬೆಂಕಿ ಹಚ್ಚಿದರು, ಬೆಂಕಿ ನಂದಿಸಲು ಬಂದವರ ನೀರಿನ ಕೊಳವೆಗಳನ್ನು ಕತ್ತರಿಸಿದರು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ವರ್ಷ ಕಪ್‌ಅನ್ನು ಯಾರಿಗೂ ನೀಡಲಿಲ್ಲ.

ಆದರೆ ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅಂದು ಹಸಿರಿನವರು ನೀಲಿಯವರನ್ನು ಹೊಡೆಯಲಿಲ್ಲ. ಎರಡೂ ಕಡೆಯವರು ಒಂದಾಗಿ, ತಮ್ಮನ್ನು ವಂಚಿಸಿದರೆಂದು ತಾವು ನಂಬಿದ ಅಧಿಕಾರಿಗಳ ಮೇಲೆ ಮುಗಿಬಿದ್ದರು. ಅವರ ಕೃತ್ಯ ಖಂಡನೀಯ, ಸಂಶಯವಿಲ್ಲ. ಆದರೆ 1909ರಲ್ಲಿ ಕೂಡ ಗ್ಲಾಸ್ಗೋದ ಕಾರ್ಮಿಕನಿಗೆ ಪಕ್ಕದ ಕಾರ್ಮಿಕನಿಗಿಂತ ದೊಡ್ಡ ಎದುರಾಳಿ ಬೇರೆ ಇದ್ದನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಂತರದ ವರ್ಷಗಳಲ್ಲಿ ಚಿತ್ರ ಬದಲಾಯಿತು. 1912ರಲ್ಲಿ ಬೆಲ್‌ಫಾಸ್ಟ್‌ನ ಹಡಗು ನಿರ್ಮಾಣ ಕಂಪೆನಿಯೊಂದು ರೇಂಜರ್ಸ್‌ನ ಮೈದಾನವಾದ ಐಬ್ರಾಕ್ಸ್ ಇರುವ ಗೋವನ್‌ನಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿಂದ ಬಂದ ಪ್ರೊಟೆಸ್ಟಂಟ್ ಕಾರ್ಮಿಕರು ಉತ್ತರ ಐರ್ಲೆಂಡಿನ ಕಹಿಯನ್ನೂ ಜೊತೆಗೆ ತಂದರು. ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟ ತೀವ್ರವಾಯಿತು. ಮೊದಲ ಮಹಾಯುದ್ಧದ ಬಳಿಕ ಉದ್ಯೋಗ ಕಡಿಮೆಯಾಯಿತು. ಉದ್ಯೋಗ ಕಡಿಮೆಯಾದಾಗ ನೆರೆಯವನ ಧರ್ಮ ಕಣ್ಣಿಗೆ ಬೀಳತೊಡಗುತ್ತದೆ. ಯಾವ ದಾಖಲೆಯಲ್ಲೂ ಬರೆಯದ, ಆದರೆ ಎಲ್ಲರಿಗೂ ತಿಳಿದಿದ್ದ ಒಂದು ನಿಯಮ ಬೇರೂರಿತು: ರೇಂಜರ್ಸ್ ಕ್ಯಾಥೊಲಿಕ್ ಆಟಗಾರನನ್ನು ಸೇರಿಸಿಕೊಳ್ಳುವುದಿಲ್ಲ. ಈ ನಿಯಮ ದಶಕಗಳ ಕಾಲ ಬದುಕಿತು.

ಹೆಸರು ನೋಡಿ ಬಿಟ್ಟ ಹುಡುಗ

ಸಹೋದರರೇ, ಹೆಸರು ನೋಡಿ ಮನುಷ್ಯನನ್ನು ಅಳೆಯುವುದು ಎಷ್ಟು ಮೂರ್ಖತನವೆಂಬುದಕ್ಕೆ ಡ್ಯಾನಿ ಮೆಕ್‌ಗ್ರೇನ್ ಎಂಬ ಆಟಗಾರನೇ ಉದಾಹರಣೆ. ಆತ ಪ್ರೊಟೆಸ್ಟಂಟ್ ಹುಡುಗ, ಬಾಲ್ಯದಲ್ಲಿ ರೇಂಜರ್ಸ್ ಅಭಿಮಾನಿ. ಆತನ ಆಟವನ್ನು ನೋಡಲು ರೇಂಜರ್ಸ್‌ನವರು ಬಂದಿದ್ದರಂತೆ. ಆದರೆ ಡೇನಿಯಲ್ ಮೆಕ್‌ಗ್ರೇನ್ ಎಂಬ ಹೆಸರು ಕೇಳಿ, ಇವನು ಕ್ಯಾಥೊಲಿಕ್ ಇರಬೇಕೆಂದು ಭಾವಿಸಿ ಕೈಬಿಟ್ಟರಂತೆ. ಈ ಪ್ರಸಂಗವನ್ನು ಗ್ಲಾಸ್ಗೋದಲ್ಲಿ ಇಂದಿಗೂ ಹೇಳುತ್ತಾರೆ. ಹುಡುಗ ಸೆಲ್ಟಿಕ್ ಸೇರಿದ, ನಾಯಕನಾದ. 1980ರ ಮೇ 10ರಂದು ಹ್ಯಾಂಪ್ಡನ್‌ನಲ್ಲಿ ಇವೆರಡು ತಂಡಗಳ ಕಪ್ ಫೈನಲ್ ನಡೆಯಿತು. ಗೋಲಿಲ್ಲದೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಆಗ ಮೆಕ್‌ಗ್ರೇನ್ ಹೊಡೆದ ಚೆಂಡಿಗೆ ಜಾರ್ಜ್ ಮೆಕ್‌ಕ್ಲಸ್ಕಿ ಕಾಲು ತಾಗಿಸಿ ದಿಕ್ಕು ಬದಲಿಸಿದರು. ಅದೇ ಪಂದ್ಯದ ಏಕೈಕ ಗೋಲು. ರೇಂಜರ್ಸ್ ಹೆಸರು ನೋಡಿ ಬಿಟ್ಟ ಹುಡುಗನ ಕಾಲಿನಿಂದಲೇ ಅವರ ಸೋಲು ಬಂತು.

ಆದರೆ ಆ ದಿನವನ್ನು ಜನರು ಗೋಲಿಗಾಗಿ ನೆನಪಿಟ್ಟುಕೊಂಡಿಲ್ಲ. ಪಂದ್ಯ ಮುಗಿದೊಡನೆ ಸೆಲ್ಟಿಕ್ ಅಭಿಮಾನಿಗಳು ಬೇಲಿ ಹಾರಿ ಮೈದಾನಕ್ಕೆ ಇಳಿದರು. ಅದನ್ನು ಕಂಡು ಎದುರಿನ ತುದಿಯಿಂದ ರೇಂಜರ್ಸ್ ಅಭಿಮಾನಿಗಳು ಇಳಿದರು. ಬಾಟಲಿಗಳು, ಡಬ್ಬಿಗಳು, ಕಲ್ಲುಗಳು ತೂರಾಡಿದವು. ಪೊಲೀಸರಲ್ಲಿ ಹೆಚ್ಚಿನವರು ಮೈದಾನದ ಹೊರಗಿದ್ದರು. ಕೊನೆಗೆ ಕುದುರೆ ಪೊಲೀಸರು ಬಂದು ಗುಂಪುಗಳನ್ನು ಚದುರಿಸಬೇಕಾಯಿತು. ಇಡೀ ದೃಶ್ಯ ದೂರದರ್ಶನದಲ್ಲಿ ನೇರ ಪ್ರಸಾರವಾಯಿತು. ಎರಡೂ ಕ್ಲಬ್‌ಗಳಿಗೆ ತಲಾ 20,000 ಪೌಂಡ್ ದಂಡ ಬಿತ್ತು. ಅದೇ ವರ್ಷ ಬಂದ ಕಾನೂನು ಸ್ಕಾಟ್ಲೆಂಡಿನ ಫುಟ್ಬಾಲ್ ಮೈದಾನಗಳಲ್ಲಿ ಮದ್ಯವನ್ನು ನಿಷೇಧಿಸಿತು. ಅಮಲಿನಲ್ಲಿದ್ದ ಗುಂಪಿನ ಕೈಗೆ ಖಾಲಿ ಬಾಟಲಿಯೇ ಆಯುಧವಾಗಿತ್ತು. ಈ ನಿಷೇಧ ಬಂದ ನಂತರ ಮೈದಾನಗಳು ಎಷ್ಟೋ ಶಾಂತವಾದವು ಎಂಬುದು ಅನುಭವದಿಂದ ಬಂದ ಮಾತು.

ಸತ್ತವರು ಯಾರು?

ಹಗೆಯ ಲೆಕ್ಕ ಹೇಳುವಾಗ ಸತ್ತವರ ಲೆಕ್ಕವನ್ನೂ ಹೇಳಬೇಕು. ಜಾನ್ ಥಾಮ್ಸನ್ ಸೆಲ್ಟಿಕ್‌ನ ಗೋಲ್‌ಕೀಪರ್, ಫೈಫ್ ಪ್ರಾಂತ್ಯದ ಗಣಿ ಊರಿನಿಂದ ಬಂದ ಯುವಕ. ಕ್ಯಾಥೊಲಿಕ್ ತಂಡವೆಂದು ಕರೆಯಲ್ಪಡುವ ಸೆಲ್ಟಿಕ್‌ನ ಈ ಗೋಲ್‌ಕೀಪರ್ ಪ್ರೊಟೆಸ್ಟಂಟ್ ಆಗಿದ್ದ. 1931ರ ಸೆಪ್ಟೆಂಬರ್ 5ರಂದು ಐಬ್ರಾಕ್ಸ್‌ನಲ್ಲಿ ರೇಂಜರ್ಸ್‌ನ ಸ್ಯಾಮ್ ಇಂಗ್ಲಿಷ್ ಚೆಂಡಿನೊಂದಿಗೆ ನುಗ್ಗಿದಾಗ ಥಾಮ್ಸನ್ ಆತನ ಕಾಲಿಗೆ ಅಡ್ಡವಾಗಿ ಹಾರಿದ. ಮೊಣಕಾಲು ತಲೆಗೆ ಬಡಿಯಿತು. ನೆಲದ ಮೇಲೆ ಅಲುಗಾಡದೆ ಬಿದ್ದಿದ್ದ ಆತನನ್ನು ನೋಡಿ ರೇಂಜರ್ಸ್ ಅಭಿಮಾನಿಗಳಲ್ಲಿ ಕೆಲವರು ಹರ್ಷೋದ್ಗಾರ ಮಾಡಿದರು. ಆಗ ರೇಂಜರ್ಸ್‌ನ ನಾಯಕ ಡೇವಿ ಮೈಕಲ್‌ಜಾನ್ ತನ್ನದೇ ಅಭಿಮಾನಿಗಳ ಕಡೆಗೆ ಹೋಗಿ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದ. ಅದೇ ರಾತ್ರಿ ಥಾಮ್ಸನ್ ತೀರಿಕೊಂಡ. ವಯಸ್ಸು ಇಪ್ಪತ್ತೆರಡು.

ವಿಚಾರಣೆ ಇದನ್ನು ಆಕಸ್ಮಿಕವೆಂದು ತೀರ್ಮಾನಿಸಿತು. ಥಾಮ್ಸನ್ ಕುಟುಂಬ ಸ್ಯಾಮ್ ಇಂಗ್ಲಿಷ್‌ನನ್ನು ದೂಷಿಸಲಿಲ್ಲ. ಆದರೆ ಪ್ರೇಕ್ಷಕರು ಆತನನ್ನು ಬಿಡಲಿಲ್ಲ. ಆ ಋತುವಿನ ಲೀಗ್‌ನಲ್ಲಿ ಆತ 44 ಗೋಲು ಹೊಡೆದ, ಅದು ರೇಂಜರ್ಸ್‌ನ ದಾಖಲೆ. ಆದರೂ ಹೋದ ಮೈದಾನಗಳಲ್ಲೆಲ್ಲ ಮೂದಲಿಕೆ ಕೇಳಬೇಕಾಯಿತು. ಮರುವರ್ಷ ಆತ ಸ್ಕಾಟ್ಲೆಂಡನ್ನೇ ಬಿಟ್ಟು ಇಂಗ್ಲೆಂಡಿನ ಲಿವರ್‌ಪೂಲ್ ಸೇರಿದ. ಮಗನನ್ನು ಕಳೆದುಕೊಂಡ ಮನೆಯವರು ಕ್ಷಮಿಸಿದರು, ಏನನ್ನೂ ಕಳೆದುಕೊಳ್ಳದವರು ಕ್ಷಮಿಸಲಿಲ್ಲ. ಇದು ಯಾವ ಬಗೆಯ ಅಭಿಮಾನ?

1971ರ ಜನವರಿ 2ರಂದು ಐಬ್ರಾಕ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯ ಮುಗಿದು ಜನ ಹೊರಹೋಗುತ್ತಿದ್ದಾಗ 13ನೆಯ ಮೆಟ್ಟಿಲ ದಾರಿಯಲ್ಲಿ ನೂಕುನುಗ್ಗಲಾಗಿ 66 ಮಂದಿ ಸತ್ತರು. ಅವರಲ್ಲಿ ಎಷ್ಟೋ ಮಂದಿ ಇನ್ನೂ ಹದಿಹರೆಯದವರು. ಆ ಮೆಟ್ಟಿಲುಗಳಲ್ಲಿ ಅದಕ್ಕೆ ಮೊದಲೇ ಅಪಘಾತಗಳಾಗಿದ್ದವು, ಜೀವಗಳು ಹೋಗಿದ್ದವು. ಎಚ್ಚರಿಕೆಗೆ ತಕ್ಕ ದುರಸ್ತಿಯಾಗಿರಲಿಲ್ಲ. ಅಂದು ಸೆಲ್ಟಿಕ್‌ನ ಮ್ಯಾನೇಜರ್ ಜಾಕ್ ಸ್ಟೀನ್ ಗಾಯಾಳುಗಳಿಗೆ ನೆರವಾಗಲು ಧಾವಿಸಿದರು. ಅವರೂ ಪ್ರೊಟೆಸ್ಟಂಟರೇ. ಸೆಲ್ಟಿಕ್ ಸೇರಿದ ಕಾರಣಕ್ಕೆ ಹಳೆಯ ಗೆಳೆಯರನ್ನು ಕಳೆದುಕೊಂಡಿದ್ದವರು. ಅದೇ ತಿಂಗಳ 27ರಂದು ಸಂತ್ರಸ್ತರ ನೆರವಿಗಾಗಿ ಹ್ಯಾಂಪ್ಡನ್‌ನಲ್ಲಿ ನಡೆದ ಪಂದ್ಯದಲ್ಲಿ ರೇಂಜರ್ಸ್ ಮತ್ತು ಸೆಲ್ಟಿಕ್ ಆಟಗಾರರು ಒಂದೇ ತಂಡವಾಗಿ ಸ್ಕಾಟ್ಲೆಂಡ್ ತಂಡದ ವಿರುದ್ಧ ಆಡಿದರು. ಅಂದರೆ ಒಂದಾಗುವುದು ಸಾಧ್ಯವಿತ್ತು. ಅದಕ್ಕೆ 66 ಶವಗಳು ಬೇಕಾದವು ಎಂಬುದೇ ದುಃಖ. ನಾಲ್ಕು ತಿಂಗಳ ನಂತರ ಇವೇ ತಂಡಗಳು ಕಪ್ ಫೈನಲ್‌ನಲ್ಲಿ ಮುಖಾಮುಖಿಯಾದಾಗ ಒಂದು ಲಕ್ಷ ಇಪ್ಪತ್ತು ಸಾವಿರ ಜನ ಸೇರಿದ್ದರು. ಹಳೆಯ ಹಾಡುಗಳು ಮತ್ತೆ ಕೇಳಿಬರಲು ಹೆಚ್ಚು ಸಮಯ ಬೇಕಾಗಲಿಲ್ಲ.

ಇನ್ನು 1999ರ ಮೇ 29ರ ಫೈನಲ್. ರಾಡ್ ವ್ಯಾಲೇಸ್ ಹೊಡೆದ ಏಕೈಕ ಗೋಲಿನಿಂದ ರೇಂಜರ್ಸ್ ಗೆದ್ದು ಆ ಋತುವಿನ ಮೂರೂ ಪ್ರಶಸ್ತಿಗಳನ್ನು ತನ್ನದಾಗಿಸಿಕೊಂಡಿತು. ಅಷ್ಟರಲ್ಲಿ ಹಳೆಯ ನಿಯಮ ಮುರಿದಿತ್ತು. 1989ರಲ್ಲಿ ಮ್ಯಾನೇಜರ್ ಗ್ರೇಮ್ ಸೂನೆಸ್ ಅವರು ಸೆಲ್ಟಿಕ್‌ನ ಮಾಜಿ ಆಟಗಾರ, ಕ್ಯಾಥೊಲಿಕನಾದ ಮೋ ಜಾನ್‌ಸ್ಟನ್‌ನನ್ನು ರೇಂಜರ್ಸ್‌ಗೆ ಕರೆತಂದಾಗ ಅಭಿಮಾನಿಗಳು ತಮ್ಮ ಶಾಲುಗಳನ್ನು ಸುಟ್ಟಿದ್ದರು. ಹತ್ತು ವರ್ಷಗಳ ನಂತರ, 1999ರಲ್ಲಿ, ರೇಂಜರ್ಸ್‌ನ ನಾಯಕನೇ ಇಟಲಿಯ ಕ್ಯಾಥೊಲಿಕ್ ಲೊರೆಂಜೊ ಅಮೊರೂಸೊ. ಆದರೆ ಅದೇ ರಾತ್ರಿ, ಅಮೊರೂಸೊ ನಾಯಕತ್ವದಲ್ಲಿ ಬಂದ ಗೆಲುವಿನ ಸಂಭ್ರಮದಲ್ಲಿ, ಕ್ಲಬ್‌ನ ಉಪಾಧ್ಯಕ್ಷರೂ ಹೆಸರಾಂತ ವಕೀಲರೂ ಆಗಿದ್ದ ಡೊನಾಲ್ಡ್ ಫಿಂಡ್ಲೆ ಕ್ಯಾಥೊಲಿಕ್ ವಿರೋಧಿ ಹಾಡುಗಳನ್ನು ಹಾಡಿದರು. ಅದರ ವೀಡಿಯೊ ಪತ್ರಿಕೆಗಳ ಕೈಸೇರಿತು, ಅವರು ರಾಜೀನಾಮೆ ನೀಡಬೇಕಾಯಿತು. ಅದೇ ರಾತ್ರಿ ನಗರದ ಇನ್ನೊಂದು ಬೀದಿಯಲ್ಲಿ ಹದಿನಾರು ವರ್ಷದ ಒಬ್ಬ ಸೆಲ್ಟಿಕ್ ಅಭಿಮಾನಿ ಹುಡುಗ ಇರಿತಕ್ಕೆ ಬಲಿಯಾದ.

ಸಭಾಂಗಣದ ಹಾಡಿಗೂ ಬೀದಿಯ ಚೂರಿಗೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ವಿದ್ಯಾವಂತ, ಪ್ರತಿಷ್ಠಿತ ಜನರು ತಮಾಷೆಯೆಂದು ಹಾಡುವುದನ್ನು ಬೀದಿಯ ಯುವಕ ತಮಾಷೆಯೆಂದು ತಿಳಿದುಕೊಳ್ಳುವುದಿಲ್ಲ. ಇದನ್ನು ಗ್ಲಾಸ್ಗೋದ ಒಬ್ಬ ವಿದ್ಯಾರ್ಥಿನಿ ಅರ್ಥ ಮಾಡಿಕೊಂಡಳು. 1995ರಲ್ಲಿ ಆಕೆಯ ಗೆಳೆಯನಾದ ಇನ್ನೊಬ್ಬ ಹದಿನಾರರ ಹುಡುಗ ಸೆಲ್ಟಿಕ್ ಪಂದ್ಯ ನೋಡಿ ಮನೆಗೆ ನಡೆದುಹೋಗುತ್ತಿದ್ದಾಗ ಕೊಲೆಯಾಗಿದ್ದ. ಆಕೆ ಆರಂಭಿಸಿದ 'ನಿಲ್ ಬೈ ಮೌತ್' ಎಂಬ ಸಂಘಟನೆ ಬಾಯಿಯಿಂದ ಹೊರಡುವ ದ್ವೇಷವನ್ನೇ ಮೊದಲು ತಡೆಯಬೇಕೆಂಬ ಸಂದೇಶವನ್ನು ಶಾಲೆಗಳಿಗೂ ಕೆಲಸದ ಸ್ಥಳಗಳಿಗೂ ಕೊಂಡೊಯ್ಯುತ್ತಾ ಬಂದಿದೆ.

ಸರಕಾರವೂ ಪ್ರಯತ್ನಿಸಿತು. 2002ರಲ್ಲಿ ಉತ್ತರ ಐರ್ಲೆಂಡ್ ತಂಡದ ನಾಯಕನಾಗಿ ಕಣಕ್ಕಿಳಿಯಬೇಕಿದ್ದ ಸೆಲ್ಟಿಕ್ ಆಟಗಾರ ನೀಲ್ ಲೆನನ್‌ಗೆ ಕೊಲೆ ಬೆದರಿಕೆ ಬಂದು ಅವರು ಅಂತಾರಾಷ್ಟ್ರೀಯ ಫುಟ್ಬಾಲನ್ನೇ ತ್ಯಜಿಸಿದರು. 2011ರಲ್ಲಿ ಅವರು ಸೆಲ್ಟಿಕ್‌ನ ಮ್ಯಾನೇಜರ್ ಆಗಿದ್ದಾಗ ಅವರ ಹೆಸರಿಗೆ ಸ್ಫೋಟಕದ ಪಾರ್ಸೆಲ್‌ಗಳು ಬಂದವು. 2012ರಲ್ಲಿ ಮೈದಾನದ ದ್ವೇಷ ಭಾಷೆಯ ವಿರುದ್ಧ ಪ್ರತ್ಯೇಕ ಕಾನೂನು ಜಾರಿಗೆ ಬಂತು. ಯಾವ ಹಾಡು ದ್ವೇಷ, ಯಾವುದು ಅಭಿವ್ಯಕ್ತಿ ಎಂಬ ವಿವಾದದಲ್ಲಿ ಸಿಲುಕಿ 2018ರಲ್ಲಿ ಅದು ರದ್ದಾಯಿತು. ಕಾನೂನು ಬೇಡವೆಂದು ಇದರ ಅರ್ಥವಲ್ಲ. ಬಾಟಲಿಯನ್ನು ಗೇಟಿನಲ್ಲಿ ತಡೆಯಬಹುದು. ತಂದೆ ಮಗನಿಗೆ ಮನೆಯಲ್ಲಿ ಕಲಿಸಿದ ಹಾಡನ್ನು ಯಾವ ಗೇಟಿನಲ್ಲಿ ತಡೆಯುವುದು?

ಬರಿಗಾಲಿನ ಸಲೀಮ್

ಕೊನೆಯದಾಗಿ, ಈ ಚರಿತ್ರೆಯಲ್ಲಿ ನಮ್ಮ ದೇಶದವನೊಬ್ಬ ಬರುತ್ತಾನೆ. ಕಲ್ಕತ್ತಾದ ಮುಹಮ್ಮದನ್ ಸ್ಪೋರ್ಟಿಂಗ್ ಕ್ಲಬ್ 1934ರಿಂದ ಐದು ವರ್ಷ ಸತತವಾಗಿ ಅಲ್ಲಿನ ಲೀಗ್ ಗೆದ್ದ ತಂಡ. ಅದರ ಆಟಗಾರ ಮುಹಮ್ಮದ್ ಸಲೀಮ್ 1936ರಲ್ಲಿ ಸಂಬಂಧಿಕರೊಬ್ಬರ ಪ್ರೋತ್ಸಾಹದಿಂದ ಹಡಗೇರಿ ಗ್ಲಾಸ್ಗೋಗೆ ಹೋದರು. ಬೂಟು ಹಾಕದೆ ಬರಿಗಾಲಿನಲ್ಲಿ ಆಡುವ ಈ ಯುವಕನನ್ನು ಸೆಲ್ಟಿಕ್ ಪರೀಕ್ಷಿಸಿ ತನ್ನ ಎರಡನೆಯ ತಂಡದಲ್ಲಿ ಎರಡು ಪಂದ್ಯಗಳಿಗೆ ಇಳಿಸಿತು. ಗಾಲ್‌ಸ್ಟನ್ ವಿರುದ್ಧ 7-1, ಹ್ಯಾಮಿಲ್ಟನ್ ವಿರುದ್ಧ 5-1ರ ಗೆಲುವು. ಒಂದು ಹಳೆಯ ಛಾಯಾಚಿತ್ರವಿದೆ. ಸೆಲ್ಟಿಕ್‌ನ ಮಹಾನ್ ಆಟಗಾರನಾಗಿದ್ದು ನಂತರ ತರಬೇತುದಾರನಾದ ಜಿಮ್ಮಿ ಮೆಕ್‌ಮೆನಮಿ ಬಾಗಿ ಕುಳಿತು ಸಲೀಮ್ ಅವರ ಪಾದಗಳಿಗೆ ಪಟ್ಟಿ ಸುತ್ತುತ್ತಿದ್ದಾರೆ. ಅದು ಬ್ರಿಟಿಷ್ ಸಾಮ್ರಾಜ್ಯದ ಕಾಲ. ಆಳುವ ದೇಶದ ಹಿರಿಯ ಆಟಗಾರ, ಆಳಿಸಿಕೊಳ್ಳುವ ದೇಶದ ಬರಿಗಾಲಿನ ಮುಸ್ಲಿಮ್ ಯುವಕನ ಕಾಲಬಳಿ ಕುಳಿತಿದ್ದಾನೆ. ಊರಿನ ನೆನಪು ತಾಳಲಾರದೆ ಸಲೀಮ್ ಬೇಗನೆ ಹಿಂತಿರುಗಿದರು. ವೃದ್ಧಾಪ್ಯದಲ್ಲಿ ಅವರು ಕಾಯಿಲೆ ಬಿದ್ದಾಗ ಮಗ ಬರೆದ ಪತ್ರಕ್ಕೆ ಸೆಲ್ಟಿಕ್ 100 ಪೌಂಡಿನ ಚೆಕ್ ಕಳುಹಿಸಿತಂತೆ.

ಇನ್ನೊಂದನ್ನೂ ಹೇಳಲೇಬೇಕು. ನಾನು ಆಗಲೇ ಹೇಳಿದ ಗೋವನ್ ಭಾಗವೇ 1997ರಲ್ಲಿ ಮುಹಮ್ಮದ್ ಸರ್ವರ್ ಅವರನ್ನು ಗೆಲ್ಲಿಸಿ ಬ್ರಿಟನ್ನಿನ ಮೊತ್ತಮೊದಲ ಮುಸ್ಲಿಮ್ ಸಂಸದನನ್ನಾಗಿ ಪಾರ್ಲಿಮೆಂಟಿಗೆ ಕಳುಹಿಸಿತು. ಮತಗಟ್ಟೆಯಲ್ಲಿ ಒಬ್ಬೊಬ್ಬನಾಗಿ ನಿಂತಾಗ ಉದಾರಿಯಾಗಿರುವ ಮನುಷ್ಯ, ಗ್ಯಾಲರಿಯಲ್ಲಿ ಗುಂಪಾದಾಗ ಬೇರೆಯೇ ಆಗುತ್ತಾನೆ. ಆದ್ದರಿಂದ ಗ್ಲಾಸ್ಗೋದ ಜನರು ಕೆಟ್ಟವರೆಂದು ತೀರ್ಪು ನೀಡಿ ಎದ್ದುಹೋಗಲು ನಮಗೆ ಅಧಿಕಾರವಿಲ್ಲ. ಗುಂಪಿನಲ್ಲಿ ನಾವು ಏನಾಗುತ್ತೇವೆ ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಯುವ ಮಿತ್ರರೇ, ಫುಟ್ಬಾಲ್ ನೋಡಬೇಡಿ ಎಂದು ಹೇಳಲು ನಾನು ಬಂದಿಲ್ಲ. ನೋಡಿರಿ. ಇಷ್ಟದ ತಂಡ ಗೆದ್ದರೆ ಹಿಗ್ಗಿರಿ, ಸೋತರೆ ಒಂದು ರಾತ್ರಿ ಬೇಸರಪಡಿರಿ. ಆದರೆ ನಿಮ್ಮ ಕಡೆಯವರು ತಪ್ಪು ಘೋಷಣೆ ಕೂಗಿದ ದಿನ ನಿಮ್ಮಲ್ಲಿ ಒಬ್ಬನಾದರೂ ಡೇವಿ ಮೈಕಲ್‌ಜಾನ್ ಆಗಬೇಕು. ಎದುರಾಳಿಯ ಗುಂಪನ್ನು ಸುಮ್ಮನಾಗಿಸಲು ಹೋಗುವವರು ಬಹಳ ಮಂದಿ ಸಿಗುತ್ತಾರೆ. ಆತ ಸ್ವಂತ ಗುಂಪಿನ ಮುಂದೆ ಹೋಗಿ ಕೈಯೆತ್ತಿದ. ಮನೆಗಳಲ್ಲಿ ತಾಯಂದಿರೂ ತಂದೆಯರೂ ಮಕ್ಕಳಿಗೆ ಈ ಒಂದು ಘಟನೆಯನ್ನಾದರೂ ಹೇಳಲಿ ಎಂದು ಕೋರುತ್ತೇನೆ.